ಕೈ ಎತ್ತಿದರೆ ನಿಲ್ಲಿಸುತ್ತೇವೆ

ನಾನು ಹಲ್ಲಿನ ಕುರ್ಚಿಯಿಂದ ಎದ್ದು ಓಡಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂ ಕಾಲಿಗೆ. ಓಡಿದ್ದು ಅಂದರೆ ನಿಜವಾಗಿಯೂ ಓಡಿದ್ದು. ಅರವತ್ತೆಂಟು ವರ್ಷದ ಹೆಂಗಸು, ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು, ಸಾಲು ಬಿಟ್ಟು ಕದಲಬೇಡಿ ಎಂದು ದಿನಕ್ಕೆ ನೂರು ಸಲ ಕೂಗಿದವಳು, ಆಸ್ಪತ್ರೆಯ ಮೆಟ್ಟಿಲಿಳಿದು, ಗೇಟು ದಾಟಿ, ಸಿಕ್ಕ ಬಸ್ಸು ಹತ್ತಿಬಿಟ್ಟೆ. ಕುತ್ತಿಗೆಗೆ ಕ್ಲಿಪ್ಪು ಹಾಕಿ ಕಟ್ಟಿದ್ದ ನೀಲಿ ಕಾಗದದ ಹೊದಿಕೆ ಎದೆಯ ಮೇಲೆ ಹಾಗೇ ನೇತಾಡುತ್ತಿತ್ತು.

ಕಂಡಕ್ಟರ್ ಅದನ್ನು ನೋಡಿ, "ಏನಜ್ಜಿ, ಊಟಕ್ಕೆ ಕೂತೋರು ಅರ್ಧಕ್ಕೇ ಎದ್ದು ಬಂದ್ರಾ?" ಎಂದ. ಬಸ್ಸಿನಲ್ಲಿದ್ದವರು ನಕ್ಕರು. ನಾನು ಹೊದಿಕೆ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟೆ. ಯಲಹಂಕದ ಬಸ್ಸಲ್ಲ, ಬೇರೆ ಯಾವುದನ್ನೋ ಹತ್ತಿದ್ದೇನೆ ಎಂದು ಗೊತ್ತಾದದ್ದು ಗೊರಗುಂಟೆಪಾಳ್ಯ ಬಂದಾಗ.

ಕಾಯಿಲೆ ಹಲ್ಲಿನದಲ್ಲ, ಗಂಟಲಿನದು. ನನ್ನ ದಿನ ಗಡಿಯಾರದ ಪ್ರಕಾರ ನಡೆಯುತ್ತದೆ. ಐದಕ್ಕೆ ಏಳುವುದು, ಐದೂವರೆಗೆ ಪುಟ್ಟೇನಹಳ್ಳಿ ಕೆರೆಯ ಕಡೆ ನಡಿಗೆ, ಏಳಕ್ಕೆ ಸ್ನಾನ, ಒಂದಕ್ಕೆ ಮುದ್ದೆ. ಹೀಗೆ ಬದುಕುವವರಿಗೆ ಏನಾದರೂ ತಪ್ಪಿದರೆ ಬೇಗ ಗೊತ್ತಾಗುತ್ತದೆ. ಹದಿನೈದು ನಿಮಿಷದ ಊಟಕ್ಕೆ ಅರ್ಧ ಗಂಟೆ ಹಿಡಿಯತೊಡಗಿತು. ಮುದ್ದೆಯ ತುತ್ತು ಬಲಗಡೆ ಎಲ್ಲೋ ತಡೆದು ಇಳಿಯುತ್ತಿತ್ತು. ಬಲಗಿವಿಯೊಳಗೆ ನೋವು. ಬೇಗ ಗೊತ್ತಾಯಿತು, ಆದರೆ ಡಾಕ್ಟರಿಗೆ ತೋರಿಸಿದ್ದು ಎರಡು ತಿಂಗಳ ಮೇಲೆ. ಗೊತ್ತಾಗುವುದೂ ಒಪ್ಪಿಕೊಳ್ಳುವುದೂ ಬೇರೆ ಬೇರೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಮಗಳು ಶೈಲಾ ಬ್ಯಾಂಕಿಗೆ ರಜೆ ಹಾಕಿ ಜೊತೆಗೆ ಬಂದಿದ್ದಳು. ಕ್ಯಾನ್ಸರ್ ಡಾಕ್ಟರು ನೇರವಾದ ಮನುಷ್ಯ. "ವಾಸಿ ಮಾಡೋ ಹಂತದಲ್ಲೇ ಇದೆ ಅಮ್ಮಾ. ಆಪರೇಷನ್ ಬೇಡ. ರೇಡಿಯೇಷನ್ ಕೊಡೋಣ, ಜೊತೆಗೆ ವಾರಕ್ಕೊಂದು ಕೀಮೋ ಡ್ರಿಪ್ಪು. ಆದ್ರೆ ಅದಕ್ಕೆ ಮುಂಚೆ ಬಲಗಡೆ ಆರು ಹಲ್ಲು ತೆಗೆಸ್ಬೇಕು. ಹುಳುಕಾಗಿವೆ. ರೇಡಿಯೇಷನ್ ಆದ್ಮೇಲೆ ಆ ದವಡೇಲಿ ಗಾಯ ಆದ್ರೆ ಮಾಯೋದು ಬಹಳ ಕಷ್ಟ. ಈಗ ತೆಗ್ಸಿ, ಎರಡು ವಾರ ಮಾಯಲಿ, ಶುರು ಮಾಡ್ಬಿಡೋಣ."

ಶೈಲಾ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಫೈಲಿನ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸತೊಡಗಿದಳು. ಅವು ಮೊದಲೇ ತಾರೀಖಿನ ಪ್ರಕಾರ ಇದ್ದವು, ನಾನೇ ಜೋಡಿಸಿದ್ದು. ಆದರೂ ಅವಳು ಮಾಡಲಿ ಎಂದು ಸುಮ್ಮನಿದ್ದೆ.

ಆರು ಹಲ್ಲು. ಅಷ್ಟೇ ತಾನೆ ಅನ್ನಿಸಿತು. ಗೊತ್ತುಪಡಿಸಿದ ಮಂಗಳವಾರ ಹೋಗಿ ಕುರ್ಚಿಯ ಮೇಲೆ ಒರಗಿದೆ. ಸೂಜಿ ಚುಚ್ಚುವ ಮುಂಚೆ ಅಲ್ಲಿದ್ದವರು ಹಸಿರು ಬಟ್ಟೆಯೊಂದನ್ನು ತಂದು ನನ್ನ ಮುಖದ ಮೇಲೆ ಹಾಸಿದರು. ಬಾಯಿಯ ಜಾಗದಲ್ಲಿ ಮಾತ್ರ ತೂತು. ಬಟ್ಟೆ ಮೂಗಿನ ಮೇಲೆ ಕೂತ ಕ್ಷಣ ನನ್ನ ಕೈಕಾಲು ನನ್ನ ಮಾತು ಕೇಳಲಿಲ್ಲ. ಆಮೇಲಿನದು ಹೇಳಿದೆನಲ್ಲ.

"ಯಾಕಮ್ಮಾ ಹಿಂಗ್ ಮಾಡ್ದೆ? ಮುನ್ನೂರ್ ಮಕ್ಕಳನ್ನ ಒಂದ್ ವಿಷಲ್ಲಿಗೆ ನಿಲ್ಲಿಸ್ತಿದ್ದೋಳು ನೀನು" ಎಂದಳು ಶೈಲಾ.

"ಸೂಜಿ ನೋಡಿ ಭಯ ಆಯ್ತು" ಎಂದೆ. ಅದು ಸುಳ್ಳು. ನಿಜ ಏನೆಂದು ಇಲ್ಲಿ ಬರೆಯುತ್ತೇನೆ.

ನಮ್ಮ ಯಜಮಾನರು ಮುನಿರಾಜು ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಪುಟ್ಟೇನಹಳ್ಳಿಯಲ್ಲಿ ಅವರದು ಗಿಡಗಳ ನರ್ಸರಿ. ನನ್ನ ಹಾಗಲ್ಲ, ಎಲ್ಲದಕ್ಕೂ ನಿಧಾನ. ನಾನು ಗಂಟೆ ನೋಡುತ್ತಿದ್ದರೆ ಅವರು ಮೋಡ ನೋಡುತ್ತಿದ್ದರು. ಎದೆಗೆ ಸೋಂಕು ತಗುಲಿ ಐಸಿಯು ಸೇರಿದರು. ಮೂಗು ಬಾಯಿ ಎರಡೂ ಮುಚ್ಚುವಂಥ ದೊಡ್ಡ ಮಾಸ್ಕು, ಹಿಂದಕ್ಕೆ ಎಳೆದು ಕಟ್ಟುವ ಪಟ್ಟಿಗಳು, ಯಂತ್ರ ಒಳಗೆ ಗಾಳಿ ನೂಕುತ್ತಿತ್ತು. ನೋಡಲು ಬಿಡುವ ಸಮಯ ಸಂಜೆ ನಾಲ್ಕರಿಂದ ಐದು. ನರ್ಸು ಹೇಳಿದ್ದರು, "ಮಾಸ್ಕ್ ತೆಗೆಯೋಕೆ ಬಿಡ್ಬೇಡಿ ಮೇಡಂ, ಆಕ್ಸಿಜನ್ ಇಳಿದೋಗತ್ತೆ."

ಆ ದಿನ ಅವರು ಕೈ ಎತ್ತಿ ಮಾಸ್ಕನ್ನು ಸರಿಸಲು ನೋಡಿದರು. ನಾನು ಕೈ ಹಿಡಿದು ಕೆಳಗಿಳಿಸಿದೆ. ಮತ್ತೆ ಎತ್ತಿದರು. ಮತ್ತೆ ಇಳಿಸಿದೆ. ಮಾಸ್ಕಿನೊಳಗೆ ತುಟಿ ಆಡುತ್ತಿತ್ತು, ಯಂತ್ರದ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಮೂರನೇ ಸಲ ನಾನು ಶಾಲೆಯ ದನಿಯಲ್ಲಿ, "ಸುಮ್ನಿರ್ರೀ, ಹೇಳಿದ್ ಮಾತು ಕೇಳ್ಬೇಕು" ಎಂದು ಮಾಸ್ಕನ್ನು ಒತ್ತಿ ಹಿಡಿದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಕೈ ಎತ್ತಲಿಲ್ಲ. ಐದಕ್ಕೆ ಸೆಕ್ಯುರಿಟಿಯವನು ಟೈಮಾಯ್ತು ಎಂದ. ಎದ್ದು ಬಂದೆ. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಫೋನು ಬಂತು.

ಅವರು ಏನು ಹೇಳಲು ಬಯಸಿದ್ದರೋ ನನಗೆ ಗೊತ್ತಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆವತ್ತಿನಿಂದ ಮುಖದ ಮೇಲೆ ಕಂಬಳಿ ಬಂದರೂ ಎದ್ದು ಕೂರುತ್ತೇನೆ.

ಎರಡನೆಯ ಸಲ ಓಡಲಿಲ್ಲ. ಬಟ್ಟೆ ಹಾಸಬೇಡಿ ಎಂದು ಮೊದಲೇ ಹೇಳಿಕೊಂಡು ಕೂತೆ. ಆದರೆ ರಕ್ತದೊತ್ತಡ ನೋಡಿದವರು ಗಾಬರಿಯಾಗಿ ವಾಪಸು ಕಳಿಸಿದರು. ಮಾತ್ರೆ ಕೊಟ್ಟು ನೋಡಿದರು, ಕುರ್ಚಿ ಕಂಡ ತಕ್ಷಣ ಮತ್ತೆ ಏರುತ್ತಿತ್ತು. ಪೂರ್ತಿ ಪ್ರಜ್ಞೆ ತಪ್ಪಿಸಿ ತೆಗೆಯಬೇಕಾದರೆ ಮೂರು ವಾರ ಕಾಯಬೇಕು, ನನ್ನ ಹೃದಯದ ಲಯವೂ ಅಷ್ಟು ಸರಿಯಿಲ್ಲ ಎಂದರು. ಹೀಗೆ ಮೂರು ವಾರಕ್ಕಿಂತ ಹೆಚ್ಚು ಆಗಲೇ ಕಳೆದಿತ್ತು. ಕ್ಯಾನ್ಸರ್ ಡಾಕ್ಟರು ಈ ಸಲ ಫೈಲು ಮುಚ್ಚಿಟ್ಟು ಮಾತಾಡಿದರು. "ಅಮ್ಮಾ, ಗಡ್ಡೆ ನಿಮ್ಮ ಹಲ್ಲಿಗೋಸ್ಕರ ಕಾಯ್ತಾ ಕೂರಲ್ಲ. ಈಗ ವಾಸಿ ಅನ್ನೋ ಮಾತು ಧೈರ್ಯವಾಗಿ ಹೇಳ್ತೀನಿ. ಇನ್ನೊಂದು ತಿಂಗಳು ಬಿಟ್ಟು ಬಂದ್ರೆ ಹೇಳ್ತೀನೋ ಇಲ್ವೋ ಗೊತ್ತಿಲ್ಲ."

ಅವತ್ತು ಬಸ್ಸಿನಲ್ಲಿ ಶೈಲಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನಾನು ಕೈಚೌಕ ಕೊಟ್ಟೆ. ಕೊಡಲು ಬೇರೇನೂ ನನ್ನ ಹತ್ತಿರ ಇರಲಿಲ್ಲ.

ದಾರಿ ಸಿಕ್ಕಿದ್ದು ಅವಳ ಬ್ಯಾಂಕಿನಲ್ಲಿ. ಅವಳ ಪಕ್ಕದ ಕೌಂಟರಿನ ಹುಡುಗಿ ತನ್ನ ಪುಟ್ಟ ಮಗಳಿಗೆ ಹಲ್ಲು ತೆಗೆಸಿದ ಕಥೆ ಹೇಳಿದ್ದಳಂತೆ. ಸಂಜಯನಗರದಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್ಕು. ಅಲ್ಲಿ ಮೂಗಿಗೆ ಒಂದು ಗ್ಯಾಸು ಕೊಡುತ್ತಾರೆ, ಎಚ್ಚರ ಇರುತ್ತದೆ, ಹೆದರಿಕೆ ಮಾತ್ರ ಇಳಿಯುತ್ತದೆ, ಮುಗಿದ ಮೇಲೆ ಐದು ನಿಮಿಷಕ್ಕೆ ಮೊದಲಿನ ಹಾಗೇ ಆಗುತ್ತಾರೆ. ಶೈಲಾ ಕ್ಯಾನ್ಸರ್ ಡಾಕ್ಟರರಿಂದ, ಹೃದಯದ ಡಾಕ್ಟರರಿಂದ ಒಪ್ಪಿಗೆಯ ಚೀಟಿ ಬರೆಸಿಕೊಂಡು ಬಂದಳು. ನಗಿಸುವ ಗ್ಯಾಸು ಅಂತಲೂ ಕರೆಯುತ್ತಾರಂತೆ ಎಂದಳು. ಮೂಗಿಗೆ ಏನೋ ಕಟ್ಟುತ್ತಾರೆ ಎನ್ನುವುದು ಬಿಟ್ಟರೆ ಅವಳು ಹೇಳಿದ ಇನ್ಯಾವುದೂ ನನ್ನ ಕಿವಿಗೆ ಹೋಗಲಿಲ್ಲ.

ಗೊತ್ತುಪಡಿಸಿದ ದಿನ ಶೈಲಾಗೆ ರಜೆ ಸಿಗಲಿಲ್ಲ. ಜೊತೆಗೆ ಬಂದವರು ಪುಟ್ಟಮ್ಮಕ್ಕ, ನಮ್ಮ ಯಜಮಾನರ ಅಕ್ಕ. ಎಪ್ಪತ್ತನಾಲ್ಕು ವರ್ಷ. ಹುಟ್ಟಿದ್ದು, ಕೊಟ್ಟಿದ್ದು ಎರಡೂ ಯಲಹಂಕದ ಸುತ್ತಲೇ. ಒಂದು ಕಾಲದಲ್ಲಿ ತಾವು ರಾಗಿ ಕೊಯ್ದ ಹೊಲದಲ್ಲಿ ಈಗ ಎದ್ದಿರುವ ಅಪಾರ್ಟ್‌ಮೆಂಟಿನ ಲಿಫ್ಟು ಹತ್ತಲು ಇವತ್ತಿಗೂ ಒಪ್ಪುವುದಿಲ್ಲ. ನನ್ನನ್ನು ಟೀಚರಮ್ಮ ಎಂದೇ ಕರೆಯುವುದು. ಅದರಲ್ಲಿ ಮೂರು ಪಾಲು ಗೌರವ, ಒಂದು ಪಾಲು ಕೀಟಲೆ.

ಹನ್ನೊಂದೂವರೆಗೆ ಬರಹೇಳಿದ್ದರು, ಹನ್ನೊಂದಕ್ಕೆ ಇದ್ದೆವು. ಗೋಡೆಯ ತುಂಬ ಜಿರಾಫೆ, ಆನೆ. ಕುರ್ಚಿಗಳು ನನ್ನ ಮೊಣಕಾಲಿನ ಎತ್ತರಕ್ಕೂ ಬರುತ್ತಿರಲಿಲ್ಲ. ಮೇಜಿನ ಹಿಂದಿದ್ದ ಹುಡುಗಿ ಕೇಳಿದಳು, "ಪಾಪು ಎಲ್ಲಿ ಆಂಟಿ?"

ಪುಟ್ಟಮ್ಮಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು, "ಇದೇ ಪಾಪು. ಒಂದ್ ಸಲ ತಪ್ಪಿಸ್ಕೊಂಡು ಓಡೋಗೈತೆ. ಬಾಗ್ಲು ಆಕ್ಕೊಳ್ರಮ್ಮ" ಎಂದರು.

ಒಳಗಿನಿಂದ ಐದಾರು ವರ್ಷದ ಹುಡುಗಿಯೊಬ್ಬಳು ಹತ್ತಿ ಕಚ್ಚಿಕೊಂಡು ಬಂದಳು. ನನ್ನನ್ನು ನೋಡಿ, ಅವಳಮ್ಮ ಮಾತಾಡಬೇಡ ಎಂದರೂ ಕೇಳದೆ, "ಅಜ್ಜಿ, ನಿಮ್ ಹಲ್ಲೂ ಹುಳ ತಿಂದಿದ್ಯಾ?" ಎಂದಳು. ಹೌದಮ್ಮ ಎಂದೆ. "ನೋಯಲ್ಲ. ಮೂಗಿಗೆ ಹಾಕೋದ್ರಲ್ಲಿ ಸ್ಟ್ರಾಬೆರಿ ವಾಸ್ನೇದು ತಗೊಳ್ಳಿ" ಎಂದು ಸಲಹೆ ಕೊಟ್ಟು ಹೋದಳು. ನನ್ನ ಕಡೆಯ ಬೆಂಚಿನಲ್ಲಿದ್ದ ಇನ್ನೂ ಇಬ್ಬರು ಮಕ್ಕಳು ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ನಾನೂ ಬೆನ್ನು ನೆಟ್ಟಗೆ ಮಾಡಿದೆ.

ಡಾಕ್ಟರಮ್ಮ ಚಿಕ್ಕವಯಸ್ಸಿನವರು. ನನ್ನ ಶಾಲೆಯಲ್ಲಿ ಓದಿದ್ದರೆ ಮೊದಲ ಸಾಲಿನಲ್ಲಿ ನಿಲ್ಲಿಸುವಂಥ ಗಿಡ್ಡ ಆಳು. ನನ್ನನ್ನು ಕೂರಿಸಿ, ಯಾವ ಸಲಕರಣೆಯನ್ನೂ ಮುಟ್ಟದೆ, ಮೊದಲು ಮಾತಾಡಿದರು. "ಅಮ್ಮಾ, ಇಲ್ಲಿ ಒಂದೇ ರೂಲು. ನಿಮ್ಮ ಎಡಗೈ ನಿಮ್ಮದು. ಅದನ್ನ ಎತ್ತಿದ್ರೆ ನಾವು ನಿಲ್ಲಿಸ್ತೀವಿ. ಯಾಕೆ ಅಂತ ಕೇಳೋದು ಆಮೇಲೆ, ನಿಲ್ಲಿಸೋದು ಮೊದಲು."

ರೂಲು ಎಂದ ಕೂಡಲೇ ನನಗೆ ಸ್ವಲ್ಪ ಉಸಿರು ಬಂತು. ರೂಲಿನಲ್ಲಿ ನಾನು ಬದುಕಬಲ್ಲೆ.

ಆಮೇಲೆ ಮೂಗಿಗೆ ಮಾತ್ರ ಕೂರುವ, ಪುಟ್ಟ ಬಟ್ಟಲಿನಂಥ ಒಂದು ಮೆತ್ತನೆಯ ರಬ್ಬರಿನ ಕಪ್ಪು ತೋರಿಸಿದರು, ಎರಡೂ ಕಡೆ ಕೊಳವೆ. ಕೈಗೆ ಕೊಟ್ಟು ನೀವೇ ಹಿಡಿದುಕೊಳ್ಳಿ ಎಂದರು. ಹಿಡಿದುಕೊಂಡೆ. ಮೂಗಿನ ಹತ್ತಿರ ತಂದೆ. ಕೆಳಗಿಳಿಸಿದೆ. ಮತ್ತೆ ತಂದೆ. ಅವರು ಅವಸರ ಮಾಡಲಿಲ್ಲ. ನಾಲ್ಕನೇ ಸಲಕ್ಕೆ ಅದು ಮೂಗಿನ ಮೇಲೆ ಕೂತಿತು. ಕೂತಿತು ಅನ್ನುವುದು ತಪ್ಪು, ಎಡಗಡೆ ಎತ್ತಿಕೊಂಡೇ ಇತ್ತು. ಡಾಕ್ಟರಮ್ಮ ಬಗ್ಗಿ ನೋಡಿದರು.

"ಗಾಳಿ ಸೋರ್ತಿದೆ ಅಮ್ಮಾ. ಮೂಗುಬೊಟ್ಟು ತೆಗೀಬೇಕಾಗತ್ತೆ."

ನನ್ನದು ಏಳು ಕಲ್ಲಿನ ಮೂಗುಬೊಟ್ಟು, ಮದುವೆಯಲ್ಲಿ ಅತ್ತೆ ಹಾಕಿದ್ದು. ನಮ್ಮಲ್ಲಿ ಗಂಡ ಸತ್ತ ಹನ್ನೊಂದನೆಯ ದಿನ ಹೆಂಗಸಿನ ಬಳೆ, ಕಾಲುಂಗುರ, ತಾಳಿಯ ಜೊತೆಗೆ ಮೂಗಿನದನ್ನೂ ತೆಗೆಯುತ್ತಾರೆ. ಆ ದಿನ ತೆಗೆಯಲು ಬಂದವರು ಪುಟ್ಟಮ್ಮಕ್ಕನೇ. ಉಳಿದದ್ದಕ್ಕೆಲ್ಲ ಕೈ ಚಾಚಿ ಕೊಟ್ಟೆ. ಮೂಗಿಗೆ ಬಂದಾಗ, "ತಿರುಪು ಕಚ್ಕೊಂಡಿದೆ ಅಕ್ಕ, ಬರಲ್ಲ" ಎಂದೆ. ಅವರು ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ತಿರುಗಿಸಿ ನೋಡಿ, ಸುತ್ತ ಕೂತಿದ್ದ ಹೆಂಗಸರಿಗೆ, "ಬರಾಕಿಲ್ಲ ಕಣ್ರೇ, ಮಾಂಸ ಕಿತ್ತೋಯ್ತದೆ, ಬಿಡಿ" ಎಂದಿದ್ದರು. ನಾಲ್ಕು ವರ್ಷ ಅದು ಹಾಗೇ ಇತ್ತು. ತಿಂಗಳಿಗೊಮ್ಮೆ, ಒಂದನೇ ತಾರೀಖು, ನಾನೇ ಬಿಚ್ಚಿ ತೊಳೆದು ಹಾಕಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ.

ಈಗ ಪುಟ್ಟಮ್ಮಕ್ಕ ಕಾಲ ಕಡೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಾರೆ. ಡಾಕ್ಟರಮ್ಮ, "ಟೈಟಾಗಿದ್ರೆ ನಾನು ಸಹಾಯ ಮಾಡ್ಲಾ?" ಎಂದರು. ಬೇಡ ಎಂದು ತಲೆಯಾಡಿಸಿದೆ. ಎರಡು ಬೆರಳು ಮೂಗಿನೊಳಗೆ ಹಾಕಿ ತಿರುಪು ಹಿಡಿದು ಮೂರು ಸುತ್ತು ತಿರುಗಿಸಿದೆ. ಬಂತು.

ಮುಖ ಎತ್ತಲು ನಾಚಿಕೆಯಾಯಿತು. ಪುಟ್ಟಮ್ಮಕ್ಕ ಎದ್ದು ಬಂದು ಅಂಗೈ ಚಾಚಿದರು. ಇಟ್ಟೆ. ಸೆರಗಿನ ಚುಂಗಿಗೆ ಹಾಕಿ ಗಂಟು ಬಿಗಿಯುತ್ತಾ, ಡಾಕ್ಟರಮ್ಮನಿಗೆ ಕೇಳಿಸದ ಹಾಗೆ ಹೇಳಿದರು, "ನಂಗೊತ್ತಿತ್ತು ಕಣಮ್ಮ. ಅವತ್ತು ಎಣ್ಣೆ ಆಕಿದ್ ತಕ್ಷಣ ತಿರುಗ್ತು. ನಾನೇ ವಾಪಸ್ ಬಿಗಿ ಮಾಡ್ದೆ."

ಅಕ್ಕ ಎಂದೆ. "ಬಾಯ್ಬಿಡು ಈಗ, ಅಲ್ಲು ತೆಗೀಲಿ" ಎಂದು ಹೋಗಿ ಸ್ಟೂಲಿನ ಮೇಲೆ ಕೂತರು.

ಈ ಸಲ ಕಪ್ಪು ಸರಿಯಾಗಿ ಕೂತಿತು. ಮೊದಲು ಬರೀ ಆಮ್ಲಜನಕ. ಮೂಗಿನಲ್ಲಿ ಉಸಿರಾಡಿ, ಬಾಯಿಂದ ಬೇಡ ಎಂದರು. ನಾನು ಶಾಲೆಯ ಲೆಕ್ಕದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಳೆದು, ನಾಲ್ಕಕ್ಕೆ ಬಿಡತೊಡಗಿದೆ. ಸ್ವಲ್ಪ ಸ್ವಲ್ಪವೇ ಗ್ಯಾಸು ಸೇರಿಸುತ್ತಾ ಪ್ರತಿ ಸಲವೂ ಹೇಳುತ್ತಿದ್ದರು, "ಇನ್ನೊಂಚೂರು ಹೆಚ್ಚು ಮಾಡ್ತಿದ್ದೀನಿ ಅಮ್ಮಾ." ಬೆರಳ ತುದಿ ಜುಮುಗುಟ್ಟಿತು. ಆಮೇಲೆ ಕಾಲು ಬೆಚ್ಚಗಾಯಿತು. ಚಳಿಗಾಲದ ಬೆಳಿಗ್ಗೆ ನಡಿಗೆ ಮುಗಿಸಿ ಬಿಸಿನೀರಿಗೆ ಕಾಲಿಟ್ಟ ಹಾಗೆ. ಮೇಲಿನ ದೀಪ ಇದ್ದಲ್ಲೇ ಇತ್ತು, ಅದು ನನಗೆ ಅಷ್ಟು ಸಂಬಂಧಪಟ್ಟದ್ದಲ್ಲ ಅನ್ನಿಸಿತು. ಭಯ ಹೋಗಲಿಲ್ಲ. ಹೋಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೋಣೆಯ ಮೂಲೆಗೆ ಹೋಗಿ ನಿಂತಿತು. ಅಲ್ಲಿಂದ ನನ್ನನ್ನು ನೋಡುತ್ತಿತ್ತು, ನಾನೂ ಅದನ್ನು ನೋಡುತ್ತಿದ್ದೆ. ಅಷ್ಟು ದೂರದಲ್ಲಿ ಅದನ್ನು ನಾನು ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

ನಾನು ನಗಲಿಲ್ಲ. ಕಣ್ಣೀರು ಸುರಿಯಿತು, ಆದರೆ ಅಳುತ್ತಿರಲಿಲ್ಲ. ನಲ್ಲಿ ಬಿಟ್ಟ ಹಾಗೆ ಸುಮ್ಮನೆ ಕಿವಿಯ ಕಡೆ ಹರಿಯುತ್ತಿತ್ತು. ಯಾರೋ ಒರೆಸಿದರು. ಸೂಜಿ ಚುಚ್ಚಿದ್ದು ಗೊತ್ತಾಯಿತು. ಮೊದಲ ಹಲ್ಲು ಬಂದದ್ದೂ ಗೊತ್ತಾಯಿತು, ಬೇರೆ ಯಾರದೋ ಬಾಯಿಂದ ತೆಗೆದಂತೆ.

ಮೂರನೆಯದೋ ನಾಲ್ಕನೆಯದೋ ಹಲ್ಲಿನ ಹೊತ್ತಿಗೆ ನನ್ನ ಎಡಗಾಲಿನ ಮೇಲೆ ಎ.ಸಿ. ಗಾಳಿ ಬೀಳುತ್ತಿರುವುದು ಗಮನಕ್ಕೆ ಬಂತು. ಸೀರೆ ಮೇಲೆ ಸರಿದಿತ್ತು. ಸಣ್ಣ ವಿಷಯ. ಆದರೆ ಆ ಸ್ಥಿತಿಯಲ್ಲಿ ಲೋಕದಲ್ಲಿ ಅದೊಂದೇ ವಿಷಯ ಉಳಿದಿತ್ತು. ಹೇಳಬೇಕು ಅನ್ನಿಸಿತು. ಬಾಯಿ ತುಂಬ ಹತ್ತಿ, ಮೂಗಿನ ಮೇಲೆ ಕಪ್ಪು. ಹೇಳಲಾಗಲಿಲ್ಲ. ಎಡಗೈ ಎತ್ತಿದೆ.

ಎಲ್ಲ ನಿಂತಿತು. ಡಾಕ್ಟರಮ್ಮ ತಮ್ಮ ಕೈ ತೆಗೆದರು, ಹತ್ತಿ ತೆಗೆದರು, ನನ್ನ ಮುಖದ ಹತ್ತಿರ ಬಗ್ಗಿದರು. "ಏನಮ್ಮಾ? ಹೇಳಿ."

"ಕಾಲು ಚಳಿ" ಎಂದೆ.

ಪುಟ್ಟಮ್ಮಕ್ಕ ಎದ್ದು ಸೀರೆ ಎಳೆದು, ಪಾದವನ್ನು ತಮ್ಮ ಎರಡು ಕೈಯಲ್ಲಿ ಮುಚ್ಚಿ ಹಿಡಿದರು. "ಇಷ್ಟೇನಾ ಟೀಚರಮ್ಮ? ನಾನ್ ಏನೋ ಅಂದ್ಕೊಂಡೆ!" ಎಂದರು. ಡಾಕ್ಟರಮ್ಮ ನಕ್ಕು ಹೊಸ ಹತ್ತಿ ಇಟ್ಟು ಕೆಲಸ ಮುಂದುವರಿಸಿದರು.

ನಾನು ಅಭ್ಯಾಸಬಲದಿಂದ ಎಣಿಸುತ್ತಲೇ ಇದ್ದೆನಲ್ಲ. ಕೈ ಎತ್ತಿದಾಗಿನಿಂದ ಮತ್ತೆ ಬಾಯಿ ತೆರೆಯುವವರೆಗೆ ಹನ್ನೆರಡು ಎಣಿಕೆ. ಅಷ್ಟೇ ಹಿಡಿದದ್ದು. ಯಾರಿಗೂ ಏನೂ ಆಗಲಿಲ್ಲ.

ಗ್ಯಾಸಿನ ಬಿಸುಪಿನ ಒಳಗೂ ಆ ಹನ್ನೆರಡು ನನ್ನನ್ನು ಚುಚ್ಚಿತು. ಐಸಿಯುವಿನಲ್ಲಿ ನಮ್ಮ ಯಜಮಾನರಿಗೂ ಕಾಲು ಚಳಿಯಾಗಿದ್ದಿರಬಹುದು. ಪಟ್ಟಿ ಬಿಗಿಯಾಗಿ ಕಿವಿ ನೋಯುತ್ತಿದ್ದಿರಬಹುದು. ಏನೂ ಅಲ್ಲದೆ ಬರೀ ನನ್ನ ಹೆಸರು ಹಿಡಿದು ಕರೆಯಬೇಕೆನ್ನಿಸಿದ್ದಿರಬಹುದು. ನಾನು ನರ್ಸನ್ನು ಕರೆದು ಒಂದು ಸಲ ಕೇಳಬಹುದಾಗಿತ್ತು. ತೆಗೆಯಲು ಬಿಡಬೇಡಿ ಎಂದರೆ ಕೇಳಲೂಬೇಡಿ ಎಂದು ಅರ್ಥವಲ್ಲ. ಅದು ನನಗೆ ಹೊಳೆದದ್ದು ನಾಲ್ಕು ವರ್ಷದ ಮೇಲೆ, ಸಂಜಯನಗರದ ಮಕ್ಕಳ ಕ್ಲಿನಿಕ್ಕಿನಲ್ಲಿ, ಆನೆ ಜಿರಾಫೆಗಳ ನಡುವೆ.

ಆರೂ ಹಲ್ಲು ಬಂದವು. ಕೊನೆಗೆ ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರು. ತಲೆ ತಿಳಿಯಾಯಿತು. ಮೂಲೆಯಲ್ಲಿದ್ದ ಭಯ ಮೆಲ್ಲಗೆ ವಾಪಸು ಬಂತು, ಆದರೆ ತಡವಾಗಿತ್ತು, ಕೆಲಸ ಮುಗಿದಿತ್ತು. ಮೇಜಿನ ಹುಡುಗಿ ಪದ್ಧತಿಯಂತೆ ನನಗೂ ಒಂದು ನಕ್ಷತ್ರದ ಸ್ಟಿಕ್ಕರ್ ಕೊಟ್ಟಳು. ಪುಟ್ಟಮ್ಮಕ್ಕ ಇಸಿದುಕೊಂಡು ನನ್ನ ರವಿಕೆಯ ತೋಳಿಗೆ ಅಂಟಿಸಿದರು. ಆಟೋದಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಬಾಯಿ ತುಂಬ ಹತ್ತಿ ಕಚ್ಚಿದ್ದ ನಾನು ಮಾತಾಡುವಂತಿರಲಿಲ್ಲ. "ಇವತ್ತೊಂದಿನ ನನ್ನ ಮಾತಿಗೆ ಎದುರುತ್ತರ ಇಲ್ಲ" ಎಂದು ಅವರು ದಾರಿಯುದ್ದಕ್ಕೂ ಮಾತಾಡಿದರು.

ಹೇಳಿದ್ದು ಎಂಟು ದಿನದ ಮೇಲೆ. ಮಧ್ಯಾಹ್ನ ಒಂದಕ್ಕೆ ಪುಟ್ಟಮ್ಮಕ್ಕ ರಾಗಿ ಅಂಬಲಿ ತಂದಿದ್ದರು. ನಾನು ಲೋಟ ಕೆಳಗಿಟ್ಟು ಐಸಿಯುವಿನ ಆ ಸಂಜೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ನಮ್ಮ ಯಜಮಾನರು ಅವರ ತಮ್ಮ. ಹೇಳುವ ಮುಂಚೆಯೇ ಗೊತ್ತಿತ್ತು, ಈ ಮಾತು ಅವರಿಗೂ ನೋಯುತ್ತದೆ ಎಂದು.

ಪುಟ್ಟಮ್ಮಕ್ಕ ನಾನು ಕೆಳಗಿಟ್ಟ ಲೋಟವನ್ನು ಗೋಡೆಯ ಕಡೆ ಸರಿಸಿಟ್ಟರು. ಆಮೇಲೆ, "ಗಿಡಕ್ಕೆ ನೀರ್ ಆಕ್ದ್ಯಾ ಅಂತ ಕೇಳಾಕ್ ಬಂದಿರ್ತಾನೆ. ಇನ್ನೇನ್ ಕೇಳಾನು ಅವ್ನು" ಎಂದರು. ನಗಲು ನೋಡಿದರು, ಆಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನರ್ಸಮ್ಮ ಏಳಿದ್ಳು, ನೀನ್ ಮಾಡ್ದೆ. ಅದ್ರಲ್ಲಿ ತಪ್ಪಿಲ್ಲ" ಎಂದರು. ಆಮೇಲೆ ನನ್ನ ಮುಖ ನೋಡದೆ, "ಆದ್ರೂ ಒಂದ್ ಮಾತು ಕೇಳ್ಬೇಕಾಗಿತ್ತು ಕಣಮ್ಮ" ಎಂದರು.

ಶೈಲಾಗೆ ಹೇಳಿದ್ದರೆ ನಿಂದೇನೂ ತಪ್ಪಿಲ್ಲಮ್ಮಾ ಎನ್ನುತ್ತಿದ್ದಳು. ಯಾರಿಗೆ ಹೇಳಿದ್ದರೂ ಹಾಗೇ ಎನ್ನುತ್ತಿದ್ದರು. ಅದಕ್ಕೇ ನಾನು ಯಾರಿಗೂ ಹೇಳಿರಲಿಲ್ಲವೇನೋ. ಕೇಳಬೇಕಾಗಿತ್ತು ಎಂದು ಅವರ ಒಡಹುಟ್ಟಿದವರ ಬಾಯಿಂದ ಬಂದಾಗ ಎದೆಯಲ್ಲಿ ಏನೋ ಕುಸಿಯಿತು, ಆದರೆ ಕುಸಿದ ಮೇಲೆ ಕೂರಲು ಜಾಗವಾಯಿತು. ಇಬ್ಬರೂ ಅತ್ತೆವು. ಅಂಬಲಿ ಆರಿತು. ಅವರು ಎದ್ದು ಬಿಸಿ ಮಾಡಿ ತಂದು, "ಕುಡಿ. ನಿನ್ನೂ ಕಳ್ಕೊಳ್ಳಾಕೆ ನನ್ ಕೈಲಾಗಾಕಿಲ್ಲ" ಎಂದರು.

ಗಾಯ ಮಾದ ಮೇಲೆ ರೇಡಿಯೇಷನ್ ಶುರುವಾಯಿತು. ಅದಕ್ಕೂ ಒಂದು ಮಾಸ್ಕು ಇದೆ, ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಪ್ಲಾಸ್ಟಿಕ್ಕಿನ ಜಾಲರಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಅಚ್ಚೊತ್ತುತ್ತಾರೆ. ಅದು ಗಟ್ಟಿಯಾದ ಮೇಲೆ ದಿನವೂ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ. ಅಲ್ಲಿ ಗ್ಯಾಸಿಲ್ಲ. ಮೊದಲ ದಿನ ಟೆಕ್ನಿಷಿಯನ್ನರಿಗೆ, "ಕೈ ಎತ್ತಿದ್ರೆ ನಿಲ್ಲಿಸ್ತೀರಾ?" ಎಂದು ಕೇಳಿದೆ. "ಕ್ಯಾಮೆರಾದಲ್ಲಿ ನೋಡ್ತಾನೇ ಇರ್ತೀವಿ ಅಜ್ಜಿ, ತಕ್ಷಣ ಬರ್ತೀವಿ" ಎಂದರು. ಆರೂವರೆ ವಾರದಲ್ಲಿ ಒಂದು ಸಲ ಎತ್ತಿದೆ. ಬಂದು ತಿರುಪು ಬಿಚ್ಚಿದರು. ಏನೂ ಇಲ್ಲ, ಸುಮ್ಮನೆ ಎಂದೆ. ಅವರು ಬೈಯಲಿಲ್ಲ. ಅವತ್ತಿನಿಂದ ಮೂಗಿನಲ್ಲಿ ನಾಲ್ಕು ಎಣಿಸಿ ಎಳೆಯುವುದು, ನಾಲ್ಕು ಎಣಿಸಿ ಬಿಡುವುದು, ಅಷ್ಟರಲ್ಲೇ ಉಳಿದ ದಿನಗಳನ್ನು ದಾಟಿದೆ.

ಈಗ ಎಂಟು ತಿಂಗಳಾಯಿತು. ಸ್ಕ್ಯಾನಿನಲ್ಲಿ ಗಡ್ಡೆ ಕಾಣುತ್ತಿಲ್ಲ ಎಂದಿದ್ದಾರೆ. ಕಳೆದುಹೋದ ವಾರಗಳಿಗೆ ಬೆಲೆ ತೆತ್ತೆನೋ ಇಲ್ಲವೋ ಇನ್ನೂ ಹೇಳಲಾಗದು, ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಬೇಕು. ಬಾಯಿ ಒಣಗುತ್ತದೆ, ನೀರಿನ ಬಾಟಲಿ ಇಲ್ಲದೆ ಗೇಟು ದಾಟುವುದಿಲ್ಲ. ಮುದ್ದೆಗೆ ಮುಕ್ಕಾಲು ಗಂಟೆ. ಹುಳಿ, ಖಾರ ಯಾವುದೂ ನಾಲಗೆಗೆ ಗೊತ್ತಾಗುವುದಿಲ್ಲ. ಮೊದಲಿನ ಕಂಚಿನ ದನಿ ಹೋಗಿದೆ. ದೂರದಿಂದ ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತೇನೆ.

ಹಲ್ಲಿನ ಕುರ್ಚಿಗೆ, ಮಾಸ್ಕಿಗೆ, ಮುಖ ಮುಚ್ಚುವ ಬಟ್ಟೆಗೆ ಹೆದರಿ ಚಿಕಿತ್ಸೆ ಮುಂದಕ್ಕೆ ಹಾಕುತ್ತಿರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಭಯವನ್ನು ಡಾಕ್ಟರಿಗೆ ಹೇಳಿ. ಸೂಜಿಗೆ ಭಯ ಎಂದು ನನ್ನ ಹಾಗೆ ಸುಳ್ಳು ಹೇಳಬೇಡಿ, ನಿಜವಾದದ್ದನ್ನು ಹೇಳಿ. ಗ್ಯಾಸು ಎಲ್ಲ ಕಡೆ ಇಲ್ಲ, ಎಲ್ಲರಿಗೂ ಆಗುವುದಿಲ್ಲ. ಆದರೆ ಕೇಳಿದರೆ ಏನಾದರೊಂದು ದಾರಿ ಹೇಳುತ್ತಾರೆ. ಮಕ್ಕಳ ಸಾಲಿನಲ್ಲಿ ಕೂರಬೇಕಾಗಿ ಬಂದರೆ ಕೂರಿ.

ಇನ್ನು ಆಸ್ಪತ್ರೆಯಲ್ಲಿ ಮಾಸ್ಕು ಹಾಕಿಸಿಕೊಂಡು ಮಲಗಿದವರ ಪಕ್ಕ ಕೂತಿರುವವರಿಗೆ ಒಂದು ಮಾತು. ಅವರು ಕೈ ಎತ್ತಿದರೆ ನೀವಾಗಿ ಏನನ್ನೂ ತೆಗೆಯಬೇಡಿ, ಒತ್ತಿಯೂ ಹಿಡಿಯಬೇಡಿ. ನರ್ಸನ್ನು ಕರೆಯಿರಿ. ಏನೋ ಹೇಳಬೇಕಂತೆ, ಕೇಳಿಸಿ ಎನ್ನಿ. ಆಗುವುದಿಲ್ಲ ಎಂದರೆ ಕಾಗದ, ಪೆನ್ನು ಕೊಡಿ, ಅಂಗೈ ಮೇಲೆ ಬರೆಯಲು ಬಿಡಿ. ನೀರು ಎನ್ನಬಹುದು, ಚಳಿ ಎನ್ನಬಹುದು, ಗಿಡ ಎನ್ನಬಹುದು. ಏನೇ ಆಗಲಿ, ಐದು ಗಂಟೆಗೆ ಎದ್ದು ಬರುವಾಗ ನೀವು ಅದನ್ನು ಮನೆಗೆ ತರಬಹುದು.